ಇಪ್ಪತ್ತೆರಡನೇ ಪುಟದ ಗಾಳಿ

ಗುರುವಾರ, ೯ ಜುಲೈ
ಮಧ್ಯಾಹ್ನ ಮೂರೂವರೆ

ಪ್ರೀತಿಯ ಕೊಂಬು,

ಮೂವತ್ತೊಂದು ವರ್ಷದವಳನ್ನು, ಅದೂ ಪುಸ್ತಕ ಬರೆದವಳನ್ನು ಹೀಗೆ ಕರೆಯಬಾರದು ಎಂದು ಕಳೆದ ಸಲ ಬಂದಾಗ ನೀನು ಗದರಿದ್ದೆ. ಏನು ಮಾಡಲಿ, ಅಕ್ಷರದ ಬುಡಕ್ಕೆ ಕೊಂಬು ಅಂಟಿಕೊಂಡ ಹಾಗೆ ನನ್ನ ಕಾಲಿಗೆ ಅಂಟಿಕೊಂಡೇ ಬೆಳೆದವಳು ನೀನು. ನಾನು ಕೆಲಸ ಮಾಡುತ್ತಿದ್ದ ಪ್ರೆಸ್ಸಿನವರೆಲ್ಲ ಸೇರಿ ಇಟ್ಟ ಹೆಸರು ಅದು. ಈಗ ಕವಿಯಾದ ಮೇಲೆ ತಲೆಯ ಮೇಲೂ ಎರಡು ಕೊಂಬು ಬಂದಿದ್ದರೆ ಹೇಳು, ಬೇರೆ ಹೆಸರು ಹುಡುಕುತ್ತೇನೆ.

ನಿನ್ನ ಕರಡು ಸೋಮವಾರ ತಲುಪಿತು. ಅರವತ್ತನಾಲ್ಕು ಪುಟ, ಜೊತೆಗೆ ನಿನ್ನ ಕೈಬರಹದ ಪ್ರತಿ, ಮೇಲೊಂದು ಚೀಟಿ. ಅಮ್ಮಾ, ವ್ಯಾಕರಣ ಮತ್ತು ಕಾಗುಣಿತ ಮಾತ್ರ ನೋಡು, ನನ್ನ ಹೋಲಿಕೆಗಳ ತಂಟೆಗೆ ಬರಬೇಡ, ಬರುವ ಸೋಮವಾರ ಅಚ್ಚಿಗೆ ಹೋಗಬೇಕು ಎಂದು ಬರೆದಿದ್ದೀಯ. ಮೂವತ್ತನಾಲ್ಕು ವರ್ಷ ಊರಿನವರೆಲ್ಲರ ಕರಡು ತಿದ್ದಿದವಳಿಗೆ ಮಗಳು ಹಾಕಿದ ಅಪ್ಪಣೆ! ಓದಿ ನಕ್ಕೆ. ತಂಟೆಗೆ ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ಮಾತು ಕೊಟ್ಟು, ಪೆನ್ಸಿಲ್ ಚೂಪು ಮಾಡಿಕೊಂಡು ಕೂತೆ.

ಏಳನೇ ಪುಟಕ್ಕೇ ಮಾತು ಮುರಿದೆ. ಚಂದ್ರನನ್ನು ತಟ್ಟೆ ಎಂದಿದ್ದೀಯ. ಪಾಪ, ಆ ಚಂದ್ರ ಇನ್ನೆಷ್ಟು ಜನ ಕವಿಗಳಿಗೆ ತಟ್ಟೆಯಾಗಬೇಕು? ಅವನನ್ನು ಅವನ ಪಾಡಿಗೆ ಬಿಟ್ಟುಬಿಡು. ಹನ್ನೊಂದರಲ್ಲಿ ‘ದುಃಖದ ಕಡಲು’. ನೀನು ಕಡಲಿನ ಹತ್ತಿರ ಹೋದದ್ದು ಒಂದೇ ಸಲ, ಶಾಲೆಯ ಪ್ರವಾಸದಲ್ಲಿ. ಆಗಲೂ ವಾಂತಿ ಮಾಡಿಕೊಂಡು ಬಸ್ಸಿನಿಂದ ಕೆಳಗೇ ಇಳಿಯಲಿಲ್ಲ ಎಂದು ನಿಮ್ಮ ಟೀಚರ್ ಹೇಳಿದ್ದರು. ನೋಡದ ಕಡಲಿನಲ್ಲಿ ಇಲ್ಲದ ದುಃಖವನ್ನು ಯಾಕೆ ತುಂಬುತ್ತೀಯ? ಆದರೆ ಹದಿನಾಲ್ಕನೇ ಪುಟದಲ್ಲಿ ನಿನ್ನ ಲ್ಯಾಬಿನ ಪದ್ಯವಿದೆಯಲ್ಲ, ಗಾಜಿನ ಪಟ್ಟಿಯ ಮೇಲಿನ ರಕ್ತದ ಕಣಗಳನ್ನು ಬಸ್ಸಿಗೆ ಕಾಯುತ್ತ ನಿಂತ ಜನ ಎಂದಿದ್ದೀಯಲ್ಲ, ಅದನ್ನು ಓದಿ ಎದ್ದು ಅಡಿಗೆಮನೆಯವರೆಗೆ ಒಂದು ಸುತ್ತು ನಡೆದು ಬಂದೆ. ದಿನವಿಡೀ ಅಪರಿಚಿತರ ರಕ್ತ ನೋಡಿ ಬದುಕುವವಳಿಗೆ ಮಾತ್ರ ಹೊಳೆಯುವ ಮಾತು ಅದು. ನಿಮ್ಮಪ್ಪ ಇದ್ದಿದ್ದರೆ ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳಿ, ಅವರ ಹೊಲಿಗೆಯಂತ್ರದ ರಿಪೇರಿ ಒಂದು ವಾರ ತಡ ಮಾಡುತ್ತಿದ್ದರು.

ಎಣಿಸಿಯೂ ನೋಡಿದೆ. ಪುಸ್ತಕದಲ್ಲಿ ಒಟ್ಟು ಐವತ್ತಮೂರು ‘ಹಾಗೆ’, ಹತ್ತೊಂಬತ್ತು ‘ಅಂತೆ’, ಆರು ‘ಥರ’. ಯಾವುದನ್ನೂ ಅದು ಇರುವ ಹಾಗೇ ಇರಲು ಬಿಟ್ಟಿಲ್ಲ ನೀನು. ಮಳೆ ಮಳೆಯಲ್ಲ, ಕುರ್ಚಿ ಕುರ್ಚಿಯಲ್ಲ. ಶಾಲೆಯ ವ್ಯಾಕರಣ ಪುಸ್ತಕವೊಂದರ ಹದಿನೆಂಟು ಮುದ್ರಣಗಳನ್ನು ನಾನೇ ತಿದ್ದಿದವಳು. ಉಪಮಾಲಂಕಾರದ ಪಾಠ ಈಗ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಹದಿನೆಂಟು ಸಲ ಓದಿದರೂ ಹೋಲಿಕೆಗಳೆಂದರೆ ನನಗೆ ಅಷ್ಟಕ್ಕಷ್ಟೆ. ಕರಡು ತಿದ್ದುವವರ ಕೆಲಸವೇ ಅಂಥದು, ಇದ್ದದ್ದು ಇದ್ದ ಹಾಗೆ ಅಚ್ಚಾಗಿದೆಯೇ ಎಂದು ನೋಡುವುದು.

ಇಷ್ಟು ಹೊತ್ತು ಯಾಕೆ ಹರಟುತ್ತಿದ್ದೇನೆ ಎಂದು ನಿನಗೆ ಅನುಮಾನ ಬಂದಿರಬಹುದು. ಇಪ್ಪತ್ತೆರಡನೇ ಪುಟಕ್ಕೆ ಬರಲು ಮನಸ್ಸಾಗುತ್ತಿಲ್ಲ. ಮೂರು ದಿನದಿಂದ ಇದೇ ಆಟ. ಅರವತ್ತನಾಲ್ಕನೇ ಪುಟದವರೆಗೆ ಹೋಗುತ್ತೇನೆ, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೇನೆ.

‘ಬೆರಳು’ ಎಂದು ತಲೆಬರಹ. ಕೆಳಗೆ ನಾಲ್ಕೇ ಸಾಲು.

ಏಳು ವರ್ಷದ ಒಂದು ಸಂಜೆ
ಬಲಗೈ ಬಾಗಿಲ ಸಂದಿನಲ್ಲಿ.
ಗಾಳಿ, ಅಮ್ಮನ ಹಾಗೆ,
ಬಾಗಿಲು ಹಾಕಿದಳು.

ಪ್ರೆಸ್ಸಿನಲ್ಲಿ ನಾವು ಇಬ್ಬಿಬ್ಬರಾಗಿ ಕೂರುತ್ತಿದ್ದದ್ದು ನಿನಗೆ ನೆನಪಿರಬೇಕು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಾಯಲ್ಲೇ ಹೇಳುವುದು, ಇನ್ನೊಬ್ಬರು ಕರಡಿನ ಮೇಲೆ ಕಣ್ಣಿಡುವುದು. ಈಗ ಜೊತೆಗೆ ಯಾರೂ ಇಲ್ಲ, ಇಬ್ಬರ ಕೆಲಸವನ್ನೂ ನಾನೇ ಮಾಡುತ್ತೇನೆ. ಸೋಮವಾರ ಸಂಜೆ ಹಾಗೆಯೇ ಗಟ್ಟಿಯಾಗಿ ಓದುತ್ತ ಬಂದೆ. ಗಾಳಿ, ಅಲ್ಪವಿರಾಮ, ಅಮ್ಮನ ಹಾಗೆ, ಅಲ್ಪವಿರಾಮ, ಬಾಗಿಲು ಹಾಕಿದಳು, ಪೂರ್ಣವಿರಾಮ. ನಾಲಿಗೆ ತಡವರಿಸಿತು. ಕಣ್ಣು ತಪ್ಪಿದರೂ ಕಿವಿ ತಪ್ಪುವುದಿಲ್ಲ, ಅದಕ್ಕೇ ಗಟ್ಟಿಯಾಗಿ ಓದುವುದು.

ತಪ್ಪು ಆರನೇ ತರಗತಿಯ ಮಗುವಿಗೂ ಕಾಣುವಂಥದು. ಗಾಳಿ ಹೆಣ್ಣೂ ಅಲ್ಲ, ಗಂಡೂ ಅಲ್ಲ. ಗಾಳಿ ಬೀಸಿತು, ಗಾಳಿ ಬಡಿಯಿತು, ಗಾಳಿ ಬಾಗಿಲು ಹಾಕಿತು. ‘ಹಾಕಿದಳು’ ಎನ್ನಬೇಕಾದರೆ ಹಾಕಿದವಳು ಹೆಂಗಸಾಗಿರಬೇಕು. ಪೆನ್ಸಿಲಿನಿಂದ ‘ದಳು’ ಹೊಡೆದು, ಅಂಚಿನಲ್ಲಿ ‘ತು’ ಎಂದು ಬರೆದೆ. ಅರ್ಧ ನಿಮಿಷದ ಕೆಲಸ. ಆಮೇಲೆ ಪೆನ್ಸಿಲ್ ಕೆಳಗಿಟ್ಟು ಕೈ ಚೆಲ್ಲಿ ಕೂತುಬಿಟ್ಟೆ.

ಟೈಪು ಮಾಡಿದವರ ತಪ್ಪಿರಬಹುದು ಎಂದು ನಿನ್ನ ಕೈಬರಹ ತೆಗೆದೆ. ಅಲ್ಲೂ ‘ಹಾಕಿದಳು’. ನಿನ್ನ ಎಡಗೈ ಅಕ್ಷರ ನನಗೆ ಗೊತ್ತಿಲ್ಲವೇ? ಅನುಮಾನ ಬಂದ ಕಡೆ ನೀನು ಮೂರು ಸಲ ಹೊಡೆದು ಬರೆಯುತ್ತೀಯ. ಈ ಸಾಲಿನಲ್ಲಿ ಒಂದು ಗೀರಿಲ್ಲ. ಗಾಳಿಯನ್ನು ಬೇಕೆಂದೇ ಹೆಣ್ಣು ಮಾಡಿದ್ದಾಳೆ, ಕವಿಗಳಿಗೆ ಅಷ್ಟು ಸಲಿಗೆ ಇರುತ್ತದೆ ಎಂದುಕೊಳ್ಳಲೂ ನೋಡಿದೆ. ಮೂವತ್ತನೇ ಪುಟದಲ್ಲಿ ಗಾಳಿ ‘ಬಂತು’, ನಲವತ್ತೊಂದರಲ್ಲಿ ಗಾಳಿ ‘ಹೋಯಿತು’. ಇದೊಂದೇ ಕಡೆ ಅದು ಹೆಂಗಸಾಗಿದೆ. ನನ್ನ ಎದೆ ಒಡೆದುಹೋಯಿತು ಎಂದು ಬರೆಯುವುದರಲ್ಲಿದ್ದೆ. ನೋಡು, ನಾನೂ ಅಲಂಕಾರಕ್ಕೆ ಬಿದ್ದೆ. ಎದೆಗೆ ಏನೂ ಆಗಲಿಲ್ಲ. ಕೈಯಲ್ಲಿದ್ದ ಚಹಾ ತಣ್ಣಗಾಯಿತು, ಅಷ್ಟೆ.

ನಿನಗೆ ಗೊತ್ತೋ, ಅಥವಾ ನಿನ್ನ ಕೈಗೆ ಮಾತ್ರ ಗೊತ್ತೋ? ಇದನ್ನು ಕೇಳುವುದು ಹೇಗೆ ಎಂದು ಮೂರು ದಿನ ಯೋಚಿಸಿದೆ. ಫೋನಿನಲ್ಲಿ ಎರಡು ಸಲ ನಿನ್ನ ದನಿ ಕೇಳಿದೆ. ಎರಡು ಸಲವೂ ಊಟ ಆಯ್ತಾ, ಅಲ್ಲಿ ಸೆಕೆಯಾ ಎಂದು ಕೇಳಿ ಇಟ್ಟೆ. ಕರಡು ಎಲ್ಲಿಗೆ ಬಂತಮ್ಮಾ ಎಂದು ನೀನು ಕೇಳಿದ್ದಕ್ಕೆ ಕಣ್ಣು ನೋವು ಎಂದೆ. ಕಣ್ಣಿಗೆ ಏನೂ ಆಗಿಲ್ಲ.

ಆ ವ್ಯಾಕರಣ ಪುಸ್ತಕದ ಪಾಠ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಯಾವುದನ್ನು ವರ್ಣಿಸುತ್ತೇವೋ ಅದು ಉಪಮೇಯ, ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ, ಎರಡಕ್ಕೂ ಇರುವ ಒಂದೇ ಗುಣ ಸಮಾನಧರ್ಮ, ನಡುವೆ ಗಂಟು ಹಾಕುವುದು ‘ಹಾಗೆ’. ಮುಖ ಕಮಲದ ಹಾಗೆ ಎಂದರೆ ಮುಖ ನಮ್ಮೆದುರಿಗೆ ಇರುತ್ತದೆ, ಕಮಲ ಎಲ್ಲೋ ಕೊಳದಲ್ಲಿರುತ್ತದೆ. ನಿನ್ನ ಸಾಲಿನಲ್ಲಿ ಆ ಸಂಜೆ ಬಾಗಿಲ ಬಳಿ ಇದ್ದದ್ದು ಗಾಳಿ. ಅಮ್ಮ ಬರೀ ಹೋಲಿಕೆಗೆ ಬಂದವಳು, ಮನೆಯಲ್ಲೇ ಇಲ್ಲದವಳು. ಎಷ್ಟು ಮುಚ್ಚಟೆಯಿಂದ ನನ್ನನ್ನು ಆ ಬಾಗಿಲಿನಿಂದ ದೂರ ನಿಲ್ಲಿಸಿದ್ದೀಯ! ಆದರೆ ಕೊನೆಗೆ ಕ್ರಿಯಾಪದದಲ್ಲಿ ಬಾಯಿ ಬಿಟ್ಟಿದ್ದೀಯ. ವ್ಯಾಕರಣ ಮಾತ್ರ ನೋಡು ಎಂದಿದ್ದೆಯಲ್ಲ, ನೋಡಿದೆ ಕಣೇ. ಅಲ್ಲೇ ನಾನು ಸಿಕ್ಕಿಬಿದ್ದೆ.

ಆ ಗಾಳಿಯನ್ನು ಹುಟ್ಟಿಸಿದವರು ನಿಮ್ಮಪ್ಪ. ನಮ್ಮ ಮನೆಯ ಮೊದಲ ಕವಿ ನೀನಲ್ಲ, ಅವರು. ಅಂಗಡಿಯ ಹಿಂದಿನ ಆ ಎರಡು ಕೋಣೆಯ ಮನೆ ನಿನಗೆ ಅಷ್ಟಾಗಿ ನೆನಪಿರಲಿಕ್ಕಿಲ್ಲ. ಉದ್ದನೆಯ ಓಣಿಯ ಕೊನೆಯ ಬಾಗಿಲು ನಮ್ಮದು. ಒಂದೇ ಒಂದು ಕಿಟಕಿ, ಅದೂ ಎದುರು ಮನೆಯ ಗೋಡೆಗೆ ಮೂಗು ತಾಗಿಸಿಕೊಂಡಿತ್ತು. ಬೇಸಗೆಯಲ್ಲಿ ರಟ್ಟಿನಿಂದ ಬೀಸಿಕೊಂಡು ಮಲಗುತ್ತಿದ್ದೆವು. ಕ್ಯಾಲೆಂಡರಿನ ಹಾಳೆ ಅಲುಗಾಡುವಷ್ಟು ಗಾಳಿಯೂ ಆ ಮನೆಗೆ ಬರುತ್ತಿರಲಿಲ್ಲ. ಅವತ್ತು ಸಂಜೆ ಕ್ಲಿನಿಕ್ಕಿನಲ್ಲಿ ಡಾಕ್ಟರು ನಿನ್ನ ಕೈಗೆ ಸುತ್ತಿದ್ದ ಟವೆಲ್ ಬಿಚ್ಚುತ್ತ, ಹೇಗಾಯ್ತಮ್ಮಾ ಎಂದು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಿಮ್ಮಪ್ಪ ನನ್ನ ಹಿಂದಿನಿಂದ, ಗಾಳಿ ಡಾಕ್ಟ್ರೇ, ಬಾಗಿಲು ದಢಾರಂತ ಬಡ್ಕೊಂಡ್ಬಿಡ್ತು ಎಂದರು. ಡಾಕ್ಟರು ಅದನ್ನೇ ಬರೆದುಕೊಂಡರು. ನೀನು ಅಳು ನಿಲ್ಲಿಸಿ ಅಪ್ಪನ ಮುಖ ನೋಡಿದೆ. ಆಮೇಲೆ ಎರಡು ಬೆರಳು ಯಾಕೆ ಸೊಟ್ಟಗಿವೆ ಎಂದು ಯಾರು ಕೇಳಿದರೂ, ಗಾಳಿಗೆ ಬಾಗಿಲು ಬಡೀತು ಎಂದೇ ಹೇಳುತ್ತ ಬಂದೆ. ಶಾಲೆಯಲ್ಲಿ, ಕೆಲಸದ ಸಂದರ್ಶನದಲ್ಲಿ, ನನ್ನ ಎದುರಿನಲ್ಲೇ ನೂರು ಸಲ. ಪ್ರತಿ ಸಲವೂ ನಾನು ಪಕ್ಕದಲ್ಲಿ ನಿಂತು ಹೂಂ ಎಂದಿದ್ದೇನೆ.

ಬಾಗಿಲು ಹಾಕಿದ್ದು ನಾನು, ಮಗಳೇ. ಬರೆದಾಯಿತು. ಬರೆಯಲು ಇಪ್ಪತ್ತನಾಲ್ಕು ವರ್ಷ ಹಿಡಿಯಿತು.

ಪೂರ್ತಿ ಹೇಳುತ್ತೇನೆ. ಬೇರೆ ಊರಿನ ದೊಡ್ಡ ಮುದ್ರಣಾಲಯವೊಂದರಿಂದ ನನಗೆ ಕರೆ ಬಂದಿತ್ತು. ಕರಡು ವಿಭಾಗಕ್ಕೆ ಮುಖ್ಯಸ್ಥೆ, ಇರಲು ಒಂದು ಕೋಣೆ. ನಿಮ್ಮಪ್ಪನಿಗೆ ಹೇಳಿದೆ. ಅವರು ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಹನ್ನೊಂದು ದಿನ ಹೊಲಿಗೆಯಂತ್ರದ ಚಕ್ರ ತಿರುಗಿಸುತ್ತ ಕೂತರು. ಕೆಟ್ಟವರಲ್ಲ, ನಿನಗೇ ಗೊತ್ತು. ಹನ್ನೆರಡನೇ ದಿನ ಸಂಜೆ ನಾಲ್ಕೂವರೆಗೆ ನನ್ನ ಬಟ್ಟೆಗಳನ್ನು ಕಂದು ಬ್ಯಾಗಿಗೆ ತುಂಬಿದೆ. ನಿನ್ನ ಬಟ್ಟೆ ತುಂಬಲಿಲ್ಲ. ಅವತ್ತು ಸಂಜೆ ನನಗೆ ನೀವಿಬ್ಬರೂ ಬೇಡವಾಗಿದ್ದಿರಿ. ತಾಯಂದಿರು ಇಂಥದ್ದನ್ನು ಬರೆಯಬಾರದು, ಆದರೆ ಸುತ್ತಿ ಬಳಸಿ ಹೇಳಿದರೆ ನೀನು ಅದಕ್ಕೂ ಒಂದು ಹೋಲಿಕೆ ಹುಡುಕಿ ನನ್ನನ್ನು ಕಾಪಾಡುತ್ತೀಯ.

ನೀನು ಮಲಗಿದ್ದೀ ಎಂದುಕೊಂಡಿದ್ದೆ. ನಾನು ಓಣಿಗೆ ಕಾಲಿಡುವಷ್ಟರಲ್ಲಿ ನೀನು ಹಿಂದಿನಿಂದ ಬರಿಗಾಲಲ್ಲಿ ಓಡಿ ಬಂದೆ. ಅಮ್ಮಾ ನಾನೂ ಬರ್ತೀನಿ, ಅಮ್ಮಾ ನಾನೂ ಎಂದು ಒಂದೇ ಸಮನೆ. ನಿಮ್ಮಪ್ಪ ಅಂಗಡಿಯಲ್ಲಿದ್ದರು. ನಾನು ಹೊರಗಿನಿಂದ ಬಾಗಿಲನ್ನು ಜೋರಾಗಿ ಎಳೆದುಕೊಂಡೆ. ನೀನು ಚೌಕಟ್ಟು ಹಿಡಿದುಕೊಂಡು ನಿಂತಿದ್ದೆ. ಆ ಅವಸರದಲ್ಲಿ ನಿನ್ನ ಕೈ ನನಗೆ ಕಾಣಲಿಲ್ಲ.

ನಿನ್ನ ಕೂಗಿಗೆ ಅಂಗಡಿಯಿಂದ ಓಡಿ ಬಂದ ನಿಮ್ಮಪ್ಪ ನನ್ನ ಕೈಯಲ್ಲಿದ್ದ ಬ್ಯಾಗು ನೋಡಿದ್ದರು. ಕ್ಲಿನಿಕ್ಕಿನಲ್ಲಿ ನಿನಗೆ ಹೊಲಿಗೆ ಹಾಕುವಾಗ ನಿಮ್ಮಪ್ಪ ಬಟ್ಟೆ ತರುತ್ತೇನೆಂದು ಮನೆಗೆ ಹೋಗಿ ಬಂದರು. ನಾವು ಮನೆಗೆ ಮರಳಿದಾಗ ಬ್ಯಾಗು ಮಂಚದ ಕೆಳಗಿತ್ತು, ಖಾಲಿ. ನನ್ನ ಬಟ್ಟೆಗಳೆಲ್ಲ ಮಡಿಚಿ ಕಪಾಟಿನಲ್ಲಿದ್ದವು. ಮಡಿಚಲು ಬರದವರು ಮಡಿಚಿದ್ದರು. ನಾನು ಮತ್ತೆ ಎಲ್ಲಿಗೂ ಹೋಗಲಿಲ್ಲ. ನೀನು ಎಡಗೈಯಲ್ಲಿ ಬರೆಯುವುದನ್ನು ಕಲಿಯಬೇಕಾಗಿ ಬಂದಾಗ ಪಕ್ಕದಲ್ಲಿ ಕೂತು ನಾನೂ ಎಡಗೈಯಲ್ಲೇ ಬರೆದೆ, ನೆನಪಿದೆಯೇ? ನೋಡಿದವರೆಲ್ಲ ತಾಯಿ ಅಂದ್ರೆ ಇವಳಪ್ಪಾ ಎಂದರು. ಅವರ ಮಾತು ಕೇಳಿ ನನಗೆ ಸುಖವೂ ಆಗುತ್ತಿತ್ತು. ಅದನ್ನೂ ಬರೆದುಬಿಡುತ್ತೇನೆ.

ಮೂರು ವರ್ಷದ ಹಿಂದೆ ನಿಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ ವಾರ್ಡಿನ ಕಿಟಕಿ ಫಟಾರೆಂದು ಬಡಿದುಕೊಂಡಿತು. ಅರೆನಿದ್ದೆಯಲ್ಲಿದ್ದವರು ಕಣ್ಣು ಬಿಟ್ಟು ನನ್ನನ್ನು ನೋಡಿ, ನೋಡೇ, ಇದು ನಿಜವಾದ ಗಾಳಿ ಎಂದರು. ಎಂದು ನಕ್ಕರು. ನಾನೂ ನಕ್ಕೆ. ಇಪ್ಪತ್ತೊಂದು ವರ್ಷದಲ್ಲಿ ಅದರ ಬಗ್ಗೆ ನಾವಾಡಿದ ಮಾತು ಅಷ್ಟೇ. ಆಗಲೇ ಅವರಿಗೆ ಎಲ್ಲವನ್ನೂ ಹೇಳಿಬಿಡಬೇಕಿತ್ತು. ನರ್ಸು ಬಂದರು, ಮಾತು ಅಲ್ಲಿಗೇ ನಿಂತಿತು.

ಈಗ ಇಪ್ಪತ್ತೆರಡನೇ ಪುಟದ ವಿಷಯ. ‘ಹಾಕಿತು’ ಎಂದು ತಿದ್ದಿದ್ದನ್ನು ಹಾಗೇ ಬಿಟ್ಟಿದ್ದೇನೆ. ನಿನಗೆ ಹೇಳಬೇಕಾದದ್ದು ನಿನಗೆ ಹೇಳಿದೆ, ಪುಸ್ತಕ ಕೊಳ್ಳುವವರಿಗೆ ಅದೆಲ್ಲ ಯಾಕೆ? ಯೋಚಿಸಿ ನೋಡಿದರೆ ನಿನ್ನ ಹೋಲಿಕೆಯೂ ಸರಿಯಾಗಿಯೇ ಇದೆ. ಗಾಳಿಗೆ ಕಣ್ಣಿಲ್ಲ, ಅದು ಯಾರ ಕೈ ಎಲ್ಲಿದೆ ಎಂದು ನೋಡಿ ಬಾಗಿಲು ಹಾಕುವುದಿಲ್ಲ. ಕಾಣದೆ ಹಾಕಿದವಳೂ ಅಷ್ಟೇ. ಪಾಠದ ಭಾಷೆಯಲ್ಲಿ ಹೇಳಿದರೆ ಸಮಾನಧರ್ಮ ಕೂಡಿಬಂದಿದೆ. ಉಪಮೆ ನಿರ್ದೋಷ. ಅಂಕ ಕೊಡುವುದಾದರೆ ಹತ್ತಕ್ಕೆ ಹತ್ತು ಕೊಡುತ್ತೇನೆ.

ಉಳಿದಂತೆ ಹನ್ನೆರಡು ಕಾಗುಣಿತದ ತಪ್ಪು, ಎರಡು ಕಡೆ ಒತ್ತಕ್ಷರ ಬಿಟ್ಟಿದೆ, ಐವತ್ತೇಳನೇ ಪುಟ ತಲೆಕೆಳಗಾಗಿ ಜೋಡಿಸಿದ್ದಾರೆ. ಚಂದ್ರನನ್ನು ಮಾತ್ರ ದಯವಿಟ್ಟು ಇನ್ನೊಮ್ಮೆ ನೋಡು. ನಾಳೆ ಬೆಳಿಗ್ಗೆ ಕೊರಿಯರಿಗೆ ಕೊಡುತ್ತೇನೆ, ಶನಿವಾರ ನಿನ್ನ ಕೈ ಸೇರುತ್ತದೆ. ಈ ಪತ್ರ ಓದಿ ಕೂಡಲೇ ಫೋನ್ ಮಾಡಬೇಡ. ನನಗೆ ನಿನ್ನ ದನಿ ಕೇಳುವ ಧೈರ್ಯ ಬರಲು ಎರಡು ದಿನ ಬೇಕು. ಬೈಯಬೇಕೆನಿಸಿದರೆ ಬರೆದು ಬೈ, ಕಾಗುಣಿತ ನೋಡಿಕೊಂಡು. ಹೊತ್ತು ಹೊತ್ತಿಗೆ ಊಟ ಮಾಡು.

ಇಂತು,
ನಿನ್ನ ಕೈ ಸುಖವಾಗಿರಲೆಂದು ದಿನವೂ ನೆನೆಯುವ
ಅಮ್ಮ

ಮರೆತ ಮಾತು:

ಶುಕ್ರವಾರ, ಬೆಳಿಗ್ಗೆ ಒಂಬತ್ತು ಗಂಟೆ. ಲಕೋಟೆ ಅಂಟಿಸಿ, ಚಪ್ಪಲಿ ಮೆಟ್ಟಿಕೊಂಡು, ಮತ್ತೆ ಒಳಗೆ ಬಂದು ಬಿಚ್ಚಿದ್ದೇನೆ. ಮೇಲೆ ‘ಮರೆತ ಮಾತು’ ಎಂದು ಬರೆದದ್ದು ಅಭ್ಯಾಸಬಲ. ಮರೆತಿರಲಿಲ್ಲ.

ನಿನ್ನ ಕೈ ನನಗೆ ಕಾಣಲಿಲ್ಲ ಎಂದು ಬರೆದೆನಲ್ಲ, ಕಂಡಿತ್ತು. ಹಿಂದಿನ ದಿನ ನೀನು ಪ್ರೆಸ್ಸಿಗೆ ಬಂದಾಗ ನನ್ನ ಕೆಂಪು ಪೆನ್ಸಿಲಿನ ತುದಿ ನೆನೆಸಿ ಉಗುರಿಗೆ ಬಣ್ಣ ಬಳಿದುಕೊಂಡಿದ್ದೆ. ಚೌಕಟ್ಟಿನ ಈಚೆಗೆ ಆ ನಾಲ್ಕು ಕೆಂಪು ಉಗುರು ಕಂಡವು, ಕಿರುಬೆರಳಿನದು ಅರ್ಧ ಅಳಿಸಿತ್ತು. ಅಷ್ಟು ನೋಡಿದೆ, ನೋಡಿಯೇ ಎಳೆದೆ. ಅವಳೇ ಕೈ ತೆಗೆಯುತ್ತಾಳೆ ಎಂದುಕೊಂಡೆ ಎಂದು ಬರೆಯಬಹುದು. ಅದೂ ಸುಳ್ಳಾಗುತ್ತದೆ. ನಾನು ಏನೂ ಅಂದುಕೊಳ್ಳಲಿಲ್ಲ. ನಾನು ಹೋಗಬೇಕಿತ್ತು, ಕೈ ಅಡ್ಡ ಇತ್ತು. ಇದು ನಿಮ್ಮಪ್ಪನಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವರು ಗಾಳಿ ಎನ್ನುತ್ತಿದ್ದರೋ ಇಲ್ಲವೋ, ಈಗ ಕೇಳಲಾಗುವುದಿಲ್ಲ.

ಆದ್ದರಿಂದ ನಿನ್ನ ಉಪಮೆ ನಿಲ್ಲುವುದಿಲ್ಲ. ಗಾಳಿಗೆ ಕಣ್ಣಿಲ್ಲ, ನನಗಿತ್ತು. ಸಮಾನಧರ್ಮವಿಲ್ಲ.

ಇಪ್ಪತ್ತೆರಡನೇ ಪುಟದಲ್ಲಿ ನಾನು ಬರೆದ ‘ತು’ವನ್ನು ಅಳಿಸಿದ್ದೇನೆ. ಕ್ರಿಯಾಪದ ಸರಿಯಾಗಿತ್ತು, ತಪ್ಪಿದ್ದದ್ದು ಕರ್ತೃಪದ. ‘ಗಾಳಿ’ ಹೊಡೆದುಹಾಕಿದ್ದೇನೆ. ‘ಅಮ್ಮನ ಹಾಗೆ’ ಎಂಬಲ್ಲಿ ‘ಅಮ್ಮ’ ಉಳಿಸಿ ಮಿಕ್ಕದ್ದನ್ನು ಹೊಡೆದಿದ್ದೇನೆ. ಈಗ ಅಲ್ಲಿ ಮೂರೇ ಪದಗಳಿವೆ: ಅಮ್ಮ ಬಾಗಿಲು ಹಾಕಿದಳು. ಪೆನ್ಸಿಲಿನಲ್ಲಲ್ಲ, ಶಾಯಿಯಲ್ಲಿ ತಿದ್ದಿದ್ದೇನೆ. ಹೀಗೇ ಅಚ್ಚಿಗೆ ಕಳಿಸುತ್ತೀಯೋ ಇಲ್ಲವೋ, ಅದು ನಿನಗೆ ಬಿಟ್ಟದ್ದು. ಹೋಲಿಕೆಗಳ ತಂಟೆಗೆ ಬರಬೇಡ ಎಂದಿದ್ದೆ, ಬಂದೆ. ಪದ್ಯ ಕೆಟ್ಟಿದ್ದರೆ ಅದೊಂದಕ್ಕೆ ಕ್ಷಮೆ ಕೇಳುತ್ತೇನೆ. ಇನ್ನೊಂದಕ್ಕೆ ಕೇಳಲು ನನಗೆ ಮುಖವಿಲ್ಲ.